ಬಾಗಿಲು ತೆಗೆದರೆ ಎದುರಿಗೆ

ನನ್ನ ವಾರಗಿತ್ತಿ ಫಿಲಿಪ್ಪೀನ್ಸ್ ದೇಶದವಳು ಅಂದರೆ ಹಾಸನದಲ್ಲಿ ಮೊದಲು ಕೇಳುವ ಪ್ರಶ್ನೆ, "ಅದು ನೇಪಾಳದ ಪಕ್ಕಾನಾ?" ಎರಡನೆಯದು, "ಹಾವು ತಿಂತಾರಂತೆ, ಹೌದಾ?" ಮೂರನೆಯ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿಲ್ಲ. ಅಷ್ಟರಲ್ಲಿ ಕೇಳುವವರ ತಲೆಯೊಳಗಿನ ಸರಕು ಮುಗಿದಿರುತ್ತದೆ.

ನನ್ನ ಗಂಡ ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವರು. ಹಿರಿಯವನು ಅರಕಲಗೂಡಿನಲ್ಲಿ ಜಮೀನು, ಕಂಟ್ರಾಕ್ಟು ನೋಡಿಕೊಂಡು ನಮ್ಮತ್ತೆಯ ಜೊತೆ ಇದ್ದಾನೆ. ನನಗೆ ಭಾವ. ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತೇನೆ. ಬರೆಯುವಾಗಲೂ ಆ ಗೌರವವನ್ನು ಎಳೆದು ತರಲು ನನ್ನ ಕೈಲಾಗದು. ಕಿರಿಯವನು ಹಡಗಿನಲ್ಲಿ ಅಡುಗೆಯವನು. ಆ ಹಡಗಿನ ತುಂಬ ಫಿಲಿಪ್ಪೀನ್ಸಿನವರೇ. ಜೊತೆಯವನೊಬ್ಬನ ತಂಗಿಯನ್ನು ನೋಡಿದ, ಅವರೂರಿನ ಚರ್ಚಿನಲ್ಲೇ ಮದುವೆಯಾದ, ಆಮೇಲೆ ಫೋನಿನಲ್ಲಿ ಫೋಟೊ ಕಳಿಸಿದ. ಸುದ್ದಿ ಕೇಳಿ ನಮ್ಮತ್ತೆ ಅನ್ನ ನೀರು ಬಿಟ್ಟಳು ಅಂತ ನೆಂಟರೆಲ್ಲ ಹೇಳಿಕೊಂಡು ತಿರುಗಿದರು. ಮಧ್ಯಾಹ್ನ ಬಿಟ್ಟಿದ್ದನ್ನು ಸಾಯಂಕಾಲ ಸೇರಿಸಿಯೇ ಉಂಡಳು ಅನ್ನುವುದು ನನಗೆ ಗೊತ್ತು, ಬಡಿಸಿದವಳು ನಾನು.

ಹೀಗೆ ಬಂದ ಹುಡುಗಿಯನ್ನು ಅರಕಲಗೂಡಿನ ಮನೆಯಲ್ಲಿ ಇಟ್ಟುಕೊಳ್ಳಲು ಯಾರಿಗೂ ಮನಸ್ಸಾಗಲಿಲ್ಲ. ಹಾಸನದ ನಮ್ಮ ಮನೆಯ ಮಹಡಿ ಖಾಲಿ ಇತ್ತು, ಅಲ್ಲಿಗೆ ಬಂದಳು. ಕೆಳಗೆ ನನ್ನ ಬ್ಲೌಸ್ ಹೊಲಿಯುವ ಅಂಗಡಿ. ಅವಳ ಗಂಡ ವರ್ಷದ ಬಹುಪಾಲು ಸಮುದ್ರದ ಮೇಲೆ. ಇವಳು ನನ್ನ ಹತ್ತಿರ, ತರಕಾರಿ ಮಾರುವವರ ಹತ್ತಿರ ಕನ್ನಡ ಕಲಿತಳು. ನಮ್ಮ ಮನೆಯ ಮಕ್ಕಳೆಲ್ಲ ಕಾನ್ವೆಂಟಿಗೆ ಹೋಗಿ ನಾಲಿಗೆ ಸೋಸಿಕೊಂಡು ಕೂತಿದ್ದರೆ ಇವಳು ಮೆಟ್ಟಿಲಿಳಿಯುತ್ತ, "ಅಕ್ಕ, ಸಂತೇಗ್ ಓಗ್ಬುಟ್ ಬತ್ತೀನಿ, ಏನಾರ ಬೇಕಾ?" ಅನ್ನುತ್ತಿದ್ದಳು. ಗಿರಾಕಿಗಳು ಹೊಲಿಗೆ ಅಳತೆ ಕೊಡುವುದನ್ನೂ ಮರೆತು ಬಾಯಿ ಬಿಟ್ಟು ನೋಡುತ್ತಿದ್ದರು.

ಅವಳ ಕೆಲಸ ಏನು ಅಂತ ನನಗೆ ಅರ್ಥವಾಗಲು ಸುಮಾರು ದಿನ ಹಿಡಿಯಿತು. ಹೊರಗೆ ಹೋದಾಗೆಲ್ಲ ಚೀಲದಲ್ಲಿ ಏನಾದರೂ ಹೊತ್ತು ತರುವಳು: ಒಡೆದ ಹೆಂಚು, ತುಕ್ಕು ಹಿಡಿದ ಕಿಟಕಿ ಸರಳು, ಸಿಮೆಂಟ್ ಚೀಲದ ಕಾಗದ, ಗೋಡೆಯಿಂದ ಉದುರಿದ ಗಾರೆ. ನಾನು ಗುಜರಿ ವ್ಯಾಪಾರ ಶುರು ಮಾಡಿದ್ದಾಳೆ ಅಂದುಕೊಂಡಿದ್ದೆ. ಮಹಡಿಗೆ ಹೋಗಿ ನೋಡಿದರೆ ಪ್ಲೈವುಡ್ ಹಲಗೆಗಳ ಮೇಲೆ ಅದನ್ನೆಲ್ಲ ಅಂಟಿಸಿ, ಬಣ್ಣ ಬಳಿದು, ಕೆರೆದು, ದಾರದಲ್ಲಿ ಹೊಲಿದು, ಮನೆಗಳನ್ನು ಮಾಡಿದ್ದಳು. ಚಿತ್ರವೂ ಹೌದು, ಗೋಡೆಯೂ ಹೌದು. ಮುಟ್ಟಿದರೆ ಕೈಗೆ ಸುಣ್ಣ ಹತ್ತುತ್ತಿತ್ತು.

ಯಾವ ಶಾಲೆಯಲ್ಲೂ ಕಲಿತವಳಲ್ಲ. ಅವಳೂರಿನಲ್ಲಿ ಬೇಕರಿಯಲ್ಲಿ ಬ್ರೆಡ್ಡು ಕಟ್ಟುತ್ತಿದ್ದಳಂತೆ, ಕೆಲಸ ಮುಗಿದ ಮೇಲೆ ಮೈದಾ ಚೀಲ ಬಿಚ್ಚಿ ಅದರ ಮೇಲೆ ಅಂಟಿಸುತ್ತ ಕೂರುತ್ತಿದ್ದಳಂತೆ. ಇದೆಲ್ಲ ಶುರುವಾದದ್ದು ಅವಳ ಅಜ್ಜಿಯ ಮನೆಯಿಂದ. ಕೆಳಗೆ ಕಲ್ಲು, ಮೇಲೆ ಮರ, ಸುತ್ತಲೂ ಪಕ್ಕಕ್ಕೆ ಸರಿಸುವ ಕಿಟಕಿಗಳು. ಗಾಜಿಲ್ಲ. ಗಾಜಿನ ಜಾಗದಲ್ಲಿ ಸಮುದ್ರದ ಚಿಪ್ಪನ್ನು ಚೌಕವಾಗಿ ಕತ್ತರಿಸಿ ಕೂರಿಸಿರುತ್ತಾರಂತೆ. ಅಜ್ಜಿ ಸತ್ತ ಮೇಲೆ ಸೋದರಮಾವಂದಿರು ಮರ, ಕಿಟಕಿ, ಮೆಟ್ಟಿಲು ಎಲ್ಲವನ್ನೂ ಬಿಚ್ಚಿ ಯಾವುದೋ ರೆಸಾರ್ಟಿಗೆ ಮಾರಿದರು. ಇವಳು ಬೇಕರಿಯಿಂದ ಓಡಿ ಬರುವಷ್ಟರಲ್ಲಿ ಲಾರಿ ತುಂಬಿತ್ತು. ಮುರಿದು ಬಿದ್ದಿದ್ದ ಕಿಟಕಿಯಿಂದ ಒಂದೇ ಒಂದು ಚಿಪ್ಪನ್ನು ಕಿತ್ತುಕೊಂಡಳು. ನಮ್ಮ ಭಾವನಂಥವರು ಸಮುದ್ರದಾಚೆಗೂ ಇದ್ದಾರೆ ಅಂತ ನನಗೆ ಆವತ್ತೇ ತಿಳಿದದ್ದು.

ಆ ಚಿಪ್ಪನ್ನು ನನಗೆ ತೋರಿಸಿದ್ದಳು. ಅಂಗೈ ಅಗಲ, ನೀರು ಬೆರೆಸಿದ ಹಾಲಿನ ಬಣ್ಣ. ಬೆಳಕು ಹಾಯುತ್ತದೆ, ಆಚೆಯದು ಕಾಣುವುದಿಲ್ಲ. ಕರ್ಚೀಫಿನಲ್ಲಿ ಸುತ್ತಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡಿದ್ದಳು. "ಇದನ್ನ ಯಾವುದಕ್ಕೂ ಹಾಕಿಲ್ವಲ್ಲ?" ಅಂತ ಕೇಳಿದೆ.

"ಇದ್ಕೆ ಇನ್ನೂ ಗೋಡೆ ಸಿಕ್ಕಿಲ್ಲ ಅಕ್ಕ," ಅಂದಳು.

ಶೆಟ್ಟಿಹಳ್ಳಿಯ ಚರ್ಚು ನೋಡಬೇಕು ಅಂದಳು. ಕರೆದುಕೊಂಡು ಹೋದೆ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಏಳುವ ಕಟ್ಟಡ, ಮೇಲೆ ಚಾವಣಿ ಇಲ್ಲ, ಗೋಡೆ ಮಾತ್ರ ನಿಂತಿದೆ. ಇವಳು ನೆಲದ ಮೇಲೆ ಕೂತು ಅದರ ಚಿತ್ರ ಬರೆಯತೊಡಗಿದಳು. ಅದೇ ಹೊತ್ತಿಗೆ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಯೊಂದು ಬಂತು. ಹುಡುಗಿಯ ಗೌನು ಅರ್ಧ ಎಕರೆ. ಫೋಟೊದವನು ಬಣ್ಣದ ಹೊಗೆ ಬಿಟ್ಟ. "ಮೇಡಂ, ಸ್ವಲ್ಪ ಆ ಕಡೀಕ್ ಓಗಿ, ಫ್ರೇಮ್ ಕೆಡ್ತದೆ," ಅಂತ ಇವಳನ್ನು ಎಬ್ಬಿಸಿದ. ಚರ್ಚನ್ನು ನೋಡುತ್ತಿದ್ದವಳು ಒಬ್ಬಳು, ಅವಳಿಂದ ಫ್ರೇಮ್ ಕೆಡುತ್ತದಂತೆ! ಆ ಜೋಡಿ ಹೊರಡುವವರೆಗೂ ಒಂದು ಸಲವಾದರೂ ತಲೆಯೆತ್ತಿ ಗೋಡೆ ನೋಡಲಿಲ್ಲ, ಇಬ್ಬರೂ ಕ್ಯಾಮೆರಾದಲ್ಲಿ ತಮ್ಮ ಮುಖ ನೋಡಿಕೊಂಡರು.

ಹೊಳೆನರಸೀಪುರದ ಹಳೇ ಬೀದಿಗಳು ಅವಳಿಗೆ ಬಹಳ ಇಷ್ಟ. ಬಸ್ಸಿಳಿದು ಜಗಲಿ ಕಂಬ ಇರುವ ಮನೆ ಕಂಡರೆ ಸಾಕು, ಎದುರಿಗೆ ನಿಂತು ಪುಸ್ತಕ ತೆಗೆಯುವಳು. ಒಂದು ಮನೆಯವರು ಪುರಸಭೆಯಿಂದ ರಸ್ತೆ ಅಗಲ ಮಾಡಲು ಅಳತೆಗೆ ಬಂದಿದ್ದಾರೆ ಅಂತ ತಿಳಿದು ಒಳಗೆ ಕೂರಿಸಿ ಕಾಫಿ ಕೊಟ್ಟರು. ಅಲ್ಲ, ಮನೆ ಚೆನ್ನಾಗಿದೆ ಅಂತ ಚಿತ್ರ ಬರೆಯುತ್ತಿದ್ದಾಳೆ ಅಂತ ನಾನು ಹೇಳಿದಾಗ ಆ ಯಜಮಾನರ ಮುಖ ಸಣ್ಣಗಾಯಿತು. "ಚೆನ್ನಾಗೇನೈತೆ ಬಿಡ್ರವ್ವ, ನಮ್ಗೇ ನಾಚ್ಕೆ ಆಯ್ತದೆ. ಮುಂದಿನ ವರ್ಸ ಕೆಡವ್ಬುಡ್ತೀವಿ," ಅಂತ ಕ್ಷಮೆ ಕೇಳುವವರ ಹಾಗೆ ಹೇಳಿದರು.

ಇನ್ನು ಚನ್ನರಾಯಪಟ್ಟಣದ ಕಥೆ. ಯಾರೋ ಇವಳ ವಿಷಯ ಕೇಳಿ ಅಲ್ಲೊಂದು ಸಭಾಂಗಣದಲ್ಲಿ ಪ್ರದರ್ಶನ ಇಡಿಸಿದರು. ಫ್ಲೆಕ್ಸಿನಲ್ಲಿ ಇವಳನ್ನು ಅಂತರರಾಷ್ಟ್ರೀಯ ಕಲಾವಿದೆ ಮಾಡಿದ್ದರು, ಆದರೆ ಇವಳ ಫೋಟೊಕ್ಕಿಂತ ಅತಿಥಿಗಳ ಫೋಟೊಗಳೇ ದೊಡ್ಡವು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುಖ್ಯ ಅತಿಥಿ ತಡವಾಗಿ ಬಂದು, ಬೂವನಹಳ್ಳಿಯ ವಿಮಾನ ನಿಲ್ದಾಣದಿಂದ ಜಿಲ್ಲೆಗೆ ಆಗುವ ಲಾಭವನ್ನು ಕುರಿತು ಮಾತಾಡಿ, ಗೋಡೆಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಂಡು ಹೊರಟುಹೋದರು. ಉಳಿದವರು ಉಪ್ಪಿಟ್ಟಿನ ಕಡೆ ನಡೆದರು. ಒಬ್ಬ ಹೆಂಗಸು ಮಾತ್ರ ಹತ್ತಿರ ಬಂದು, "ಖಾಲಿ ಬಾಟ್ಲಲ್ಲೂ ಇಂಗೆ ಮಾಡಾಕ್ ಬತ್ತದಾ? ನಮ್ಮನೇಲಿ ಬೇಕಾದಂಗೆ ಬಿದ್ದವೆ," ಅಂತ ವಿಚಾರಿಸಿದಳು. ನನಗೆ ಮೈಯೆಲ್ಲ ಉರಿಯಿತು. ವಾರಗಿತ್ತಿ ಮಾತ್ರ ನಗುತ್ತ, ಬತ್ತದೆ ಬತ್ತದೆ ಅಂದಳು.

ಹಾಗಂತ ಅವಳಿಗೆ ಪ್ರದರ್ಶನ, ಪೇಟ ಇದ್ಯಾವುದೂ ಬೇಕಿರಲಿಲ್ಲ. ಬೇಕಿದ್ದದ್ದು ಒಂದೇ. ಅರಕಲಗೂಡಿನ ಮನೆಯ ಪಡಸಾಲೆಯಲ್ಲಿ ಭಾವನ ಮದುವೆ ಫೋಟೊ ಇತ್ತು, ನಮ್ಮದೂ ಇತ್ತು. ಚರ್ಚಿನ ಮುಂದೆ ತೆಗೆದ ಇವಳ ಫೋಟೊಕ್ಕೆ ಕಟ್ಟು ಹಾಕಿಸಿ ಮೈದುನ ಕೊಟ್ಟಿದ್ದನ್ನು ರಾಗಿ ಡ್ರಮ್ಮಿನ ಹಿಂದೆ ತಳ್ಳಿದ್ದರು. ಹಬ್ಬಕ್ಕೆ ಹೋದಾಗ ಇವಳೇ ಅದನ್ನು ಕಂಡಳು. ಬರುವಾಗ ಬಸ್ಸಿನಲ್ಲಿ, "ಊರ್ ಮನೇಲಿ ನಂದೂ ಒಂದು ಇರ್ಬೇಕು ಅಕ್ಕ. ಗೋಡೆ ಮ್ಯಾಲೆ. ಒಂದೇ ಸಾಕು. ನಾನೂ ಸೊಸೆ ಅಲ್ವಾ?" ಅಂದಳು. ಕಿಟಕಿಯ ಕಡೆ ತಿರುಗಿ ಹೇಳಿದಳು, ನಾನು ನೋಡದಿರಲಿ ಅಂತ.

ಅದೇ ವರ್ಷ ಭಾವನಿಗೆ ಮನೆ ಕೆಡವುವ ಹುಚ್ಚು ಹತ್ತಿತು. "ಬೂವನಳ್ಳೀಗೆ ಏರ್‌ಪೋರ್ಟ್ ಬತ್ತಾ ಐತೆ. ಇಮಾನ ಇಳ್ದು ಬರೋರು ಈ ಎಂಚಿನ ಮನೆ ನೋಡುದ್ರೆ ಏನಂದ್ಕಂಡಾರು?" ಅಂದ. ವಿಮಾನದಿಂದ ಇಳಿದವರು ಇವನ ಮನೆ ನೋಡಲು ಅರಕಲಗೂಡಿಗೆ ಯಾಕೆ ಬರುತ್ತಾರೆ ಅಂತ ಕೇಳುವ ಧೈರ್ಯ ನನ್ನ ಗಂಡನಿಗೆ ಇರಲಿಲ್ಲ, ಅಣ್ಣನ ಮುಂದೆ ಅವರು ಬೆಕ್ಕಿನ ಮುಂದಿನ ಇಲಿ. ಕಂಬಗಳು ಲಾರಿ ಹತ್ತಿದವು. ತಲೆಬಾಗಿಲು ಹಿರೀಸಾವೆಯ ಹತ್ತಿರ ಹೊಸದಾಗಿ ಆದ ಒಂದು ಹೈವೇ ಹೋಟೆಲಿಗೆ ಹೋಯಿತು. ಬೆಂಗಳೂರಿನವರು ಇಳಿದು ಮುದ್ದೆ ತಿನ್ನುವ ಹೋಟೆಲು. ಮಾರಿದ ಮೇಲೆ ಭಾವ ಸಂಸಾರ ಸಮೇತ ಅಲ್ಲಿಗೆ ಊಟಕ್ಕೆ ಹೋಗಿ, ತಾನು ಹುಟ್ಟಿದಾಗಿನಿಂದ ದಾಟಿದ ಬಾಗಿಲಿನ ಮುಂದೆ ನಿಂತು ಸೆಲ್ಫಿ ತೆಗೆದು, "ಹಳೇ ಕಾಲದ ಸೊಗಸು" ಅಂತ ಬರೆದು ಎಲ್ಲರಿಗೂ ಕಳಿಸಿದ. ಇಂಥವನಿಗೆ ಬೈಯಲು ಕನ್ನಡದಲ್ಲಿ ಪದ ಸಾಲದು.

ಗೋಡೆ ಬೀಳುವುದಕ್ಕೆ ಮುಂಚೆ ಇವಳು ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ನನ್ನ ಹತ್ತಿರ ಅತ್ತೆಯ ಹಳೇ ನೂಲಿನ ಸೀರೆಯೊಂದಿತ್ತು, ಅಂಗಡಿಯಲ್ಲಿ ಒರೆಸಲು ಇಟ್ಟುಕೊಂಡದ್ದು. ಅದನ್ನು ಕೇಳಿ ತಂದಿದ್ದಳು. ಅಡುಗೆಮನೆ ಗೋಡೆಗೆ ಅಂಟು ಬಳಿದು, ಸೀರೆಯ ತುಂಡನ್ನು ಅದರ ಮೇಲೆ ಒತ್ತಿ, ಒಣಗಲು ಬಿಟ್ಟು, ಮಾರನೇ ದಿನ ಮೆಲ್ಲಗೆ ಸುಲಿದಳು. ಸೀರೆಯ ಜೊತೆಗೆ ಗೋಡೆಯ ಚರ್ಮವೇ ಎದ್ದು ಬಂತು: ಬಿಳಿ ಸುಣ್ಣ, ಅದರ ಕೆಳಗೆ ನೀಲಿ, ಅದರ ಕೆಳಗೆ ಇನ್ನೊಂದು ಕಾಲದ ಹಸಿರು, ದೀಪದ ಗೂಡಿನ ಮೇಲೆ ಹತ್ತಿದ್ದ ಮಸಿ ಸಮೇತ. ಸಿಮೆಂಟ್ ಲೋಡು ಇಳಿಸುತ್ತಿದ್ದ ಭಾವ ಒಳಗೆ ಇಣುಕಿ, "ಇವ್ರ ದೇಸ್ದಲ್ಲಿ ಸುಣ್ಣಾನೂ ಸಿಕ್ಕಾಕಿಲ್ವಾ?" ಅಂತ ನಕ್ಕ.

ಇವಳು ನೇರವಾಗಿ ಕೇಳಿದಳು. "ಭಾವ, ನಾನು ಈ ಮನೆ ಮಾಡ್ತೀನಿ. ಒಸಾ ಮನೇಲಿ ಗೋಡೆ ಮ್ಯಾಲೆ ಹಾಕ್ತೀರಾ?"

"ಅದ್ಕೇನಂತೆ! ಮಾಡು, ಮಾಡು. ಹಾಲ್‌ನಲ್ಲೇ ಹಾಕ್ಸೋಣ. ಬಾಗ್ಲು ತೆಗುದ್ರೆ ಎದುರಿಗೇ ಕಾಣ್ಬೇಕು, ಅಂಗೆ," ಅಂದ ಭಾವ. ಅವನ ಬಾಯಿಂದ ಮಾತು ಬರುವುದು ಬಾವಿಗೆ ಉಗುಳಿದಷ್ಟೇ ಸಲೀಸು. ಇವಳು ಅದನ್ನು ಮಾತು ಅಂತಲೇ ನಂಬಿದಳು.

ಮನೆ ಏಳುವಷ್ಟು ಕಾಲವೂ ಇವಳ ಕೆಲಸ ನಡೆಯಿತು. ಕೆಳಗಿನ ಅರ್ಧ ನಮ್ಮ ಅರಕಲಗೂಡಿನ ಮನೆ. ಸುಲಿದು ತಂದ ಗೋಡೆ, ಹೆಂಚಿನ ಚೂರುಗಳ ಮಾಡು, ಕಿಟಕಿ ಸರಳು, ಜಗಲಿಯ ಕೆಂಪು ಗಾರೆ. ಮೇಲಿನ ಅರ್ಧ ಅವಳ ಅಜ್ಜಿಯ ಮನೆ, ಹಲಗೆ ಕೊರೆದು ಕೂರಿಸಿದ ಸಣ್ಣ ಸಣ್ಣ ಮರದ ಚೌಕಟ್ಟಿನ ಕಿಟಕಿಗಳ ಸಾಲು. ಎಲ್ಲಾ ಕಿಟಕಿಗೂ ಎಣ್ಣೆ ಹಚ್ಚಿದ ಕಾಗದ, ನಡುವಿನ ಒಂದಕ್ಕೆ ಮಾತ್ರ ಆ ಚಿಪ್ಪು. ಕೊನೆಯ ದಿನ ಅದನ್ನು ಕೂರಿಸಿ ನನ್ನನ್ನು ಕೂಗಿದಳು. ಹಿಂದಿನಿಂದ ಬಿಸಿಲು ಬಿದ್ದು ಆ ಕಿಟಕಿಯೊಳಗೆ ಯಾರೋ ದೀಪ ಹಚ್ಚಿದ ಹಾಗಿತ್ತು. "ಗೋಡೆ ಸಿಕ್ತು ಅಕ್ಕ," ಅಂದಳು. ನನಗೆ ಅಳು ಬಂತು. ಅಳುವುದು ನನಗೆ ಆಗಿಬರುವುದಿಲ್ಲ, ಅದಕ್ಕೇ ಮಹಡಿಯೆಲ್ಲ ಗಲೀಜು ಮಾಡಿದ್ದೀಯಾ ಅಂತ ರೇಗಿದೆ.

ಗೃಹಪ್ರವೇಶಕ್ಕೆ ಒಂದು ವಾರ ಮುಂಚೆ ಭಾವ ಗಾಡಿ ಕಳಿಸಿದ. ಇವಳು ಹಳೇ ರಜಾಯಿ ಸುತ್ತಿ, ಮಳೆ ಬೀಳಬಾರದು, ನಿಲ್ಲಿಸಿಯೇ ಒಯ್ಯಬೇಕು ಅಂತ ಡ್ರೈವರನಿಗೆ ಹೇಳಿ ಹೇಳಿ ಹತ್ತಿಸಿದಳು.

ಗೃಹಪ್ರವೇಶದ ದಿನ ರೇಷ್ಮೆ ಸೀರೆ ಉಡಿಸಿದೆ. ಮಲ್ಲಿಗೆ ಮುಡಿದಳು. ಬೀದಿಯ ತುಂಬ ಶಾಮಿಯಾನ, ಅದರ ತುಂಬ ನೆಂಟರು. ಭಾವನ ಹೆಂಡತಿಯ ತವರು ಚನ್ನರಾಯಪಟ್ಟಣ, ಅಲ್ಲಿಂದ ಎರಡು ಬಸ್ಸು ಜನ. ಮನೆ ಮೂರು ಅಂತಸ್ತು, ಹೊರಗೆ ಎಲ್ಲಾ ಹೊಳೆಯುವ ಕಲ್ಲು, ತೇಗದ ತಲೆಬಾಗಿಲಿನ ಮೇಲೆ ಅಷ್ಟಲಕ್ಷ್ಮಿಯರು. ಶಾಸ್ತ್ರಕ್ಕೆ ಮೊದಲು ಹಸುವನ್ನು ಒಳಗೆ ಬಿಟ್ಟರೆ ಅದು ನುಣುಪಾದ ಟೈಲ್ಸ್ ಮೇಲೆ ಕಾಲಿಡಲು ಹೆದರಿ ಬಾಗಿಲಲ್ಲೇ ಸಗಣಿ ಹಾಕಿ ವಾಪಸ್ಸು ತಿರುಗಿತು. ಆ ಮನೆಯ ಬಗ್ಗೆ ಅದಕ್ಕಿಂತ ಸರಿಯಾದ ಅಭಿಪ್ರಾಯವನ್ನು ಆವತ್ತು ಬೇರೆ ಯಾರೂ ಕೊಡಲಿಲ್ಲ.

ನಾವು ಒಳಗೆ ಕಾಲಿಟ್ಟೆವು. ಬಾಗಿಲು ದಾಟಿದರೆ ಎದುರಿಗೆ, ಇಡೀ ಗೋಡೆ ಹಿಡಿಸುವಂತೆ, ಏಳು ಬಿಳೀ ಕುದುರೆಗಳು ನೀರಿನಲ್ಲಿ ಓಡುತ್ತಿದ್ದವು. ಪ್ರಿಂಟು ಹೊಡೆಸಿದ ಚಿತ್ರ, ವಾಸ್ತುವಿಗೆ ಒಳ್ಳೆಯದಂತೆ. ಊರಲ್ಲಿ ಸಾಲ ಮಾಡಿದವನಿಂದ ಹಿಡಿದು ಕೊಟ್ಟವನವರೆಗೆ ಎಲ್ಲರ ಮನೆಯಲ್ಲೂ ಇವೇ ಕುದುರೆಗಳು, ಎಲ್ಲಿಗೂ ತಲುಪದೆ ಓಡುತ್ತಲೇ ಇವೆ.

ವಾರಗಿತ್ತಿ ಉಳಿದ ಗೋಡೆಗಳನ್ನು ನೋಡಿದಳು. ಊಟದ ಕೋಣೆಗೆ ಹೋದಳು, ಮಲಗುವ ಕೋಣೆಗಳಿಗೆ ಹೋದಳು, ದೇವರ ಮನೆಯನ್ನು ಹೊರಗಿನಿಂದಲೇ ಇಣುಕಿದಳು. ಎಲ್ಲೂ ಇಲ್ಲ. ಮುಖದ ನಗುವನ್ನು ಮಾತ್ರ ಇಳಿಸಿರಲಿಲ್ಲ. ಅಷ್ಟರಲ್ಲಿ ಚನ್ನರಾಯಪಟ್ಟಣದ ಒಬ್ಬ ಹೆಂಗಸು ನನ್ನ ಕೈ ಹಿಡಿದು, "ಮನೆ ಬಿಡು, ದೃಷ್ಟಿಬೊಂಬೆ ಸಕತ್ತಾಗಿ ಮಾಡ್ಸವ್ರೆ ಕಣವ್ವ! ಎಲ್ ಸಿಕ್ತಂತೆ ಅದು?" ಅಂದಳು.

ಇಬ್ಬರೂ ಬೀದಿಗೆ ಬಂದು ತಲೆಯೆತ್ತಿ ನೋಡಿದೆವು.

ಮೂರನೇ ಮಹಡಿಯ ಮೇಲೆ, ಬೀದಿಗೆ ಮುಖ ಮಾಡಿ, ಅವಳ ಮನೆಯನ್ನು ತಂತಿಯಿಂದ ಕಟ್ಟಿದ್ದರು. ಒಂದು ಪಕ್ಕಕ್ಕೆ ಬೂದುಗುಂಬಳ, ಇನ್ನೊಂದು ಪಕ್ಕಕ್ಕೆ ಹರಿದ ಚಪ್ಪಲಿ, ನಿಂಬೆಹಣ್ಣು, ಮೆಣಸಿನಕಾಯಿ. ಸಾಲದ್ದಕ್ಕೆ ಪೇಂಟರನ ಕೈಲಿ ಎರಡು ಕೆಂಪು ಕಣ್ಣು, ಗಿರಿಜಾ ಮೀಸೆ ಬರೆಸಿದ್ದರು. ನಡುವಿನ ಕಿಟಕಿಯ ಮೇಲೆ, ಆ ಚಿಪ್ಪಿನ ಮೇಲೆಯೇ, ಬಾಯಿ ಮತ್ತು ಕೋರೆಹಲ್ಲು. ಹೊಸ ಮನೆಗೆ ಬೀಳುವ ಊರವರ ಕೆಟ್ಟ ಕಣ್ಣನ್ನೆಲ್ಲ ಅದು ತನ್ನ ಮೇಲೆ ಎಳೆದುಕೊಳ್ಳಬೇಕು, ಅದಕ್ಕೆ.

ಅವಳು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಲೇ ನಿಂತಳು. ಅಲ್ಲೇ ಇದ್ದ ಭಾವನನ್ನು ಹಿಡಿದು ಕೇಳಿದೆ.

ಅವನು ನಾಚಲೂ ಇಲ್ಲ, ಹೆಮ್ಮೆಯಿಂದ ಬೀಗಿದ. "ಯಾಕವ್ವ, ನಾನೇ ಹತ್ತಿ ನನ್ನ ಕೈಯಾರೆ ಕಟ್ಟಿವ್ನಿ. ಎಲ್ಲಾರ್ಗಿಂತ ಮ್ಯಾಲೆ! ಅಂಗಡೀಲಿ ಸಿಗೋ ರಾಕ್ಸ ಬೊಂಬೇನ ಯಾವನ್ ನೋಡ್ತಾನೆ? ಇದು ನೋಡು, ದಾರೀಲಿ ಓಗೋನು ನಿಂತ್ಕಂಡೇ ನೋಡ್ತಾನೆ. ಇಂಥ ಇಚಿತ್ರ ಈ ತಾಲ್ಲೂಕ್ನಲ್ಲೇ ಇಲ್ಲ ಕಣವ್ವ."

"ಹಾಲ್‌ನಲ್ಲಿ ಹಾಕ್ತೀನಿ ಅಂದಿದ್ರಲ್ಲ?"

"ಒಳಗೆ ಆಕಕ್ಕಾಯ್ತದಾ ಅದುನ್ನ? ಮುರ್ದಿರೋದು, ಮಸಿ ಇಡ್ದಿರೋದು. ದಾರಿದ್ರ್ಯ ಬತ್ತದೆ ಅಷ್ಟೇಯ."

ಅವನು ಬೇಕಂತ ಅವಮಾನ ಮಾಡಿದ್ದರೆ ಎರಡು ಬೈದು ಮುಗಿಸಬಹುದಿತ್ತು. ಅವನು ನಿಜವಾಗಿಯೂ ಉಪಕಾರ ಮಾಡಿದ್ದೇನೆ ಅಂದುಕೊಂಡಿದ್ದ. ದಡ್ಡತನಕ್ಕೆ ಬೈಗುಳ ನಾಟುವುದಿಲ್ಲ, ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ.

ನಾನು ಇನ್ನೂ ಕೂಗಾಡುತ್ತಿದ್ದೆ, ತಿರುಗಿ ನೋಡಿದರೆ ಪಕ್ಕದಲ್ಲಿ ಅವಳಿಲ್ಲ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಏದುಸಿರು ಬಿಡುತ್ತ ನಾನೂ ಹತ್ತಿದೆ. ಮೇಲೆ ಕರೆಂಟಿನವರು ಬಿಟ್ಟುಹೋದ ಇಕ್ಕಳವಿತ್ತು. ಅವಳು ತಂತಿ ಕತ್ತರಿಸತೊಡಗಿದಳು. ಕೆಳಗಿನಿಂದ ಬೊಬ್ಬೆ ಎದ್ದಿತು.

"ಅಯ್ಯಯ್ಯೋ! ಮುಟ್ಬ್ಯಾಡ ಕಣಮ್ಮೋ! ಒಂದು ವಾರದ ದೃಷ್ಟಿ ತುಂಬ್ಕಂಡೈತೆ ಅದ್ರಲ್ಲಿ!"

ನನಗೆ ಆಗ ಹೊಳೆಯಿತು. ಅವಳಿಗೂ ಹೊಳೆದಿರಬೇಕು. ನಮ್ಮ ಕಡೆ ದೃಷ್ಟಿಗೆ ಕಟ್ಟಿದ್ದನ್ನು ಯಾರೂ ಬರಿಗೈಲಿ ಮುಟ್ಟುವುದಿಲ್ಲ. ಮುಟ್ಟಿದವರಿಗೇ ಅದೆಲ್ಲ ಸುತ್ತಿಕೊಳ್ಳುತ್ತದೆ ಅಂತ ನಂಬಿಕೆ, ನೀರಿಗೆ ಬಿಡುವಾಗಲೂ ಕೋಲಿನಿಂದ ನೂಕುತ್ತಾರೆ. ಇವಳು ನನ್ನ ಮುಖ ನೋಡಿ, "ಅಕ್ಕ, ಆ ಕಡೆ ಇಡ್ಕೋ," ಅಂದಳು. ಹಿಡಿದುಕೊಂಡೆ. ದೃಷ್ಟಿ ತಗಲಿ ಹೋಗುವಂಥದ್ದು ನನ್ನ ಹತ್ತಿರ ಏನಿತ್ತು!

ಭಾವನ ಶೋಕಿಯ ಮನೆಗೆ ಮೆಟ್ಟಿಲು ಒಳಗಿನಿಂದಲೇ. ಅದು ಸೀದಾ ಹಾಲಿಗೆ ಇಳಿಯುತ್ತದೆ. ನಾವಿಬ್ಬರು ಅದನ್ನು ಹೊತ್ತು ಇಳಿದರೆ ಇಡೀ ನೆಂಟರಿಷ್ಟರು ಗೋಡೆಗೆ ಅಂಟಿಕೊಂಡರು. ಪುರೋಹಿತರು ಪಂಚೆ ಎತ್ತಿಕೊಂಡು ಹೋಮಕುಂಡದ ಆಚೆಗೆ ಹಾರಿದರು. ಭಾವನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಚನ್ನರಾಯಪಟ್ಟಣದಲ್ಲಿ ಪ್ರದರ್ಶನ ಇಟ್ಟಾಗ ಒಬ್ಬರೂ ನೋಡದವರು ಈಗ ಕಣ್ಣು ಮಿಟುಕಿಸದೆ ಅವಳ ಕೆಲಸವನ್ನೇ ನೋಡುತ್ತಿದ್ದರು.

ಕುದುರೆಗಳ ಮುಂದೆ ಅದನ್ನು ಇಳಿಸಿದಳು. ಕುರ್ಚಿ ಹತ್ತಿ ಕುದುರೆಗಳನ್ನು ಕೊಕ್ಕೆಯಿಂದ ಬಿಡಿಸಿ ಮೆಟ್ಟಿಲ ಕೆಳಗೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಇಬ್ಬರೂ ಸೇರಿ ಅವಳದನ್ನು ಆ ಕೊಕ್ಕೆಗಳಿಗೇ ನೇತುಹಾಕಿದೆವು. ವಾರೆಯಾಗಿತ್ತು, ಸರಿ ಮಾಡಿದಳು.

"ತೆಗೀರ್ಲಾ ಅದುನ್ನ! ಯಾರಾರ ಒರಗಾಕ್ರಲಾ!" ಅಂತ ಭಾವ ಅರಚಿದ.

ಯಾರೂ ಕದಲಲಿಲ್ಲ. ಹಿಂದಿನಿಂದ ಯಾರೋ, "ನಿಮ್ಮನೇದು, ನೀವೇ ತೆಗೀರಿ ಗೌಡ್ರೇ," ಅಂದರು. ಭಾವ ಒಂದು ಹೆಜ್ಜೆ ಮುಂದಿಟ್ಟ, ಕೆಂಪು ಕಣ್ಣು ನೋಡಿದ, ಎರಡು ಹೆಜ್ಜೆ ಹಿಂದಿಟ್ಟ.

ಆಗ ಎದ್ದವಳು ನಮ್ಮತ್ತೆ. ಅವಳನ್ನು ಒಳ್ಳೆಯವಳು ಅಂತ ನಾನು ಆಣೆ ಮಾಡಿ ಹೇಳಲಾರೆ. ವಿದೇಶದ ಸೊಸೆಯ ಕೈಯಲ್ಲಿ ಒಂದು ಲೋಟ ನೀರು ಕುಡಿದವಳಲ್ಲ. ಎದ್ದು, ಮಂಡಿ ಹಿಡಿದುಕೊಂಡು ಬಂದು, ಕಣ್ಣು ಕಿರಿದು ಮಾಡಿ ನೋಡಿ, ಅಂಗೈಯನ್ನು ಸೀದಾ ಮಸಿಯ ಮೇಲೆ ಇಟ್ಟಳು. ಎಲ್ಲರೂ ಹಾ ಅಂದರು.

"ಇದು ನನ್ನ ಅಡ್ಗೆಮನೆ ಗೋಡೆ ಅಲ್ವೇನೇ?" ಅಂದಳು.

"ಊಂ ಅತ್ತೆ," ಅಂದಳು ಕಿರಿಯ ಸೊಸೆ.

"ಈ ಗೂಡಲ್ಲಿ ದೀಪ ಅಚ್ಚಿದ್ದು ನಾನೇಯ. ಮದ್ವೆ ಆಗ್ ಬಂದ ದಿನ್ದಿಂದ." ಆಮೇಲೆ ಸೆರಗಿನ ತುದಿಯಿಂದ ನಡುವಿನ ಕಿಟಕಿಯನ್ನು ಉಜ್ಜಿದಳು. ಎನಾಮಲ್ ಪೇಂಟು ಹೋಗುತ್ತದೆಯೇ? ಹೋಗಲಿಲ್ಲ. ಹಿರಿಮಗನ ಕಡೆ ತಿರುಗಿ, "ಕಿಟಕೀಗೆ ಯಾಕ್ಲಾ ಅಲ್ಲು ಬರೆಸ್ದೆ, ಮುಂಡೇದೇ?" ಅಂದಳು.

"ಅವ್ವ, ದೃಷ್ಟಿ ಆಯ್ತದೆ, ಬಿಡವ್ವ ಅದುನ್ನ!"

"ಆಗ್ಲಿ ಬಿಡು. ಏನ್ ಚೆಂದುಳ್ಳಿ ಚೆಲುವೆ ನಾನು, ದೃಷ್ಟಿ ಆಗಕ್ಕೆ!" ಅಂದು ಕುರ್ಚಿ ಎಳೆದುಕೊಂಡು ಅದರ ಮುಂದೆಯೇ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ, ಎಲೆಯನ್ನು ಅಲ್ಲಿಗೇ ತರಿಸಿಕೊಂಡಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇವಳು ಅತ್ತಳು. ಚಿಪ್ಪು ಹೋಯಿತಲ್ಲ, ಅದಕ್ಕೆ. ಆ ಕೋರೆಹಲ್ಲನ್ನು ಕೆರೆದರೆ ಚಿಪ್ಪೇ ಪುಡಿಯಾಗುತ್ತದೆ, ಅದರೊಳಗೆ ಇ​ನ್ನು ಬೆಳಕು ಹಾಯುವುದಿಲ್ಲ. ಭಾವನ ವಂಶವನ್ನೆಲ್ಲ ಬೈಯುತ್ತ ಬಂದೆ, ನನ್ನ ಗಂಡನೂ ಅದೇ ವಂಶದವರು ಅನ್ನುವುದನ್ನು ಮರೆತು. ಪಕ್ಕದಲ್ಲೇ ಕೂತಿದ್ದ ಅವರು ಪಾಪ, ಹೂಂಗುಟ್ಟಿದರು.

ಒಂದು ತಿಂಗಳಾದ ಮೇಲೆ ಭಾವನ ಫೋನು ಬಂತು. ಯಾವುದೋ ಜ್ಯೋತಿಷಿಯನ್ನು ಕೇಳಿದ್ದನಂತೆ. ದೃಷ್ಟಿ ಕುಡಿದ ವಸ್ತು ತಲೆಬಾಗಿಲಿಗೆ ಎದುರಾಗಿದ್ದರೆ ಬಾಗಿಲು ತೆಗೆದ ಯಜಮಾನನ ಮುಖಕ್ಕೇ ಅದೆಲ್ಲ ತಿರುಗಿ ಬಡಿಯುತ್ತದಂತೆ. ನೇತುಹಾಕಿದ ಕೈಯೇ ಅದನ್ನು ಇಳಿಸಬೇಕಂತೆ. "ನಿನ್ ವಾರಗಿತ್ತೀಗ್ ಒಸಿ ಏಳವ್ವ, ಬಂದು ತಗಂಡೋಗ್ಲಿ. ಕೈ ಮುಗೀತೀನಿ," ಅಂದ. ಆ ಕೈ ಮುಗಿಯುವುದನ್ನು ನೋಡಲು ನನ್ನ ಫೋನಿನಲ್ಲಿ ವಿಡಿಯೊ ಇರಬೇಕಿತ್ತು. ಫೋನನ್ನು ಅವಳಿಗೇ ಕೊಟ್ಟೆ.

"ಬಾಗ್ಲು ತೆಗುದ್ರೆ ಎದುರಿಗೇ ಕಾಣ್ಬೇಕು ಅಂದ್ರಲ್ಲ ಭಾವ," ಅಂದಳು ನಮ್ಮ ಫಿಲಿಪ್ಪೀನ್ಸಿನ ಹುಡುಗಿ, ತುಂಬ ಮರ್ಯಾದೆಯಿಂದ. "ಕಾಣ್ತಾ ಐತಾ?"

ಹಬ್ಬಕ್ಕೆ ಮೊನ್ನೆ ಹೋಗಿದ್ದೆವು. ಅತ್ತೆಯ ಕುರ್ಚಿ ಅಲ್ಲೇ ಇದೆ, ಚಿತ್ರವೂ ಅಲ್ಲೇ ಇದೆ, ಕೋರೆಹಲ್ಲು ಸಮೇತ. ಮದುವೆ ಫೋಟೊ ಮಾತ್ರ ಇನ್ನೂ ರಾಗಿ ಡ್ರಮ್ಮಿನ ಹಿಂದೆಯೇ. ಅಷ್ಟು ಬೇಗ ಬದಲಾದರೆ ಅವರು ನಮ್ಮವರು ಹೇಗಾದಾರು! ನಾವು ಹಾಲಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಹಿತ್ತಲಲ್ಲಿ ಸದ್ದಾಯಿತು. ಅಷ್ಟಲಕ್ಷ್ಮಿಯರ ತೇಗದ ಬಾಗಿಲು ಮಾಡಿಸಿದ ಯಜಮಾನ ಪಾತ್ರೆ ತೊಳೆಯುವ ಬಾಗಿಲಿನಿಂದ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ತನ್ನ ಮನೆಯೊಳಗೆ ಬಂದ.